ರೂಢಿ ಬೀಳದ ತೊಲೆ

ತೊಲೆಗೂ ನೆನಪಿರಬಹುದು ಎಂದು ನೀಲಗಂಗಾ ತಳವಾರ ಮೊದಲ ಸಲ ಹೇಳಿದಾಗ ಊರು ಸ್ಥಳಾಂತರದ ಸಮಿತಿಯ ಹಿರಿಯರಲ್ಲಿ ಯಾರೂ ಚಹಾದ ಕಪ್ಪು ಕೆಳಗಿಡಲಿಲ್ಲ. ಒಬ್ಬರು ಮಾತ್ರ, "ನಮ್ಮ ಮನ್ಯಾಗ ಹುಡುಗರಿಗೇ ನೆನಪಿರೂದಿಲ್ಲ, ಇನ್ನ ತೊಲಿಗೆ ಎಲ್ಲಿಂದ ಬರಬೇಕ್ರಿ?" ಎಂದು ನಕ್ಕರು. ಉಳಿದವರೂ ನಕ್ಕರು. ನೀಲಗಂಗಾಳಿಗೆ ಸಿಟ್ಟು ಬಂತು, ಆದರೆ ಅವಳ ಸಿಟ್ಟು ಯಾವಾಗಲೂ ಕೆಲಸಕ್ಕೆ ಬರುವ ಜಾತಿಯದು.

ವಿಷಯ ಇಷ್ಟೇ. ಕೃಷ್ಣೆಯ ದಂಡೆಯ ಮುತ್ತಲಗಡ್ಡಿ ಎಂಬ ಊರು ವರ್ಷವರ್ಷವೂ ಮುಳುಗುತ್ತಿತ್ತು. ಊರನ್ನು ಎತ್ತರದ ದಿನ್ನೆಗೆ ಎತ್ತಿಡುವುದೆಂದು ತೀರ್ಮಾನವಾಯಿತು. ಮನೆಗಳನ್ನು ಧಾರವಾಡದ ಕಾರ್ಖಾನೆಯಲ್ಲೇ ಬಿಡಿಬಿಡಿಯಾಗಿ ಮಾಡಿ, ಲಾರಿಯಲ್ಲಿ ತಂದು, ಮಂಚ ಜೋಡಿಸಿದಂತೆ ಜೋಡಿಸಬೇಕು. ಗೋಡೆಗೆ ಏನು, ನೆಲಕ್ಕೆ ಏನು ಎಂಬುದೆಲ್ಲ ಬೇಗ ಇತ್ಯರ್ಥವಾಯಿತು. ಮನೆಯ ಎಲುಬುಗೂಡನ್ನು, ಅಂದರೆ ಕಂಬ ತೊಲೆಗಳ ಚೌಕಟ್ಟನ್ನು, ಯಾವುದರಿಂದ ಮಾಡುವುದು ಎಂಬಲ್ಲಿ ಗಾಡಿ ಹೂತುಕೊಂಡಿತು.

ಉಕ್ಕು ಗಟ್ಟಿ, ಅದರಲ್ಲಿ ಅನುಮಾನವಿಲ್ಲ. ಆದರೆ ದಿನ್ನೆಯದು ಎರೆಮಣ್ಣು. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಭಾರದ ಉಕ್ಕು ಅದರ ಮೇಲೆ ನಿಂತರೆ ಒಂದು ಮೂಲೆ ಏರಿ ಇನ್ನೊಂದು ಇಳಿಯುತ್ತದೆ. ಏಪ್ರಿಲ್ ಬಿಸಿಲಿಗೆ ಅದು ರೊಟ್ಟಿಯ ಹಂಚಿನ ಹಾಗೆ ಕಾಯುತ್ತದೆ ಬೇರೆ. ಬಿದಿರು ಹಗುರ, ಅಗ್ಗ. ಆದರೆ ಊರವರು ಕೈಮುಗಿದು ಬೇಡವೆಂದರು. "ಬಿದಿರು ಕಟ್ಟೂದು ಚಟ್ಟಕ್ಕರೀ. ಅದರ ಅಡ್ಯಾಗ ಮಕ್ಕಳು ಮರಿ ಮಲಗೂದ ಹೆಂಗ?" ಒಳ್ಳೆಯ ಮರ ತರೋಣವೆಂದರೆ ಕಾಡು ಉಳಿದಿರಲಿಲ್ಲ.

ಧಾರವಾಡದ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ನೀಲಗಂಗಾ ತಂದದ್ದು ಪುಂಡಿಯನ್ನು. ಎಲೆಯನ್ನು ಪಲ್ಯ ಮಾಡಿ ತಿಂದು, ದಂಟಿನಿಂದ ನಾರು ತೆಗೆದು ಹಗ್ಗ ಹೊಸೆಯುವ ಅದೇ ಪುಂಡಿ. ಆ ನಾರನ್ನು ಪೊಳ್ಳು ತೊಲೆಯಾಗಿ ಸುತ್ತಿ, ಒಳಗೆ ನಿಧಾನವಾಗಿ ಗಟ್ಟಿಯಾಗುವ ಒಂದು ರಾಳವನ್ನು ತುಂಬುತ್ತಿದ್ದಳು. ಮನೆ ನಿಂತ ಮೇಲೆ ಒಂದೂವರೆ ತಿಂಗಳಷ್ಟು ಕಾಲ ಆ ರಾಳ ಒಳಗೇ ಹರಿದಾಡುತ್ತದೆ. ಜನ ನಡೆದಾಡಿ ಎಲ್ಲಿ ಅದುರು ಹೆಚ್ಚೋ ಅಲ್ಲಿಗೆ ಹೋಗಿ ಕೂಡುತ್ತದೆ, ಬಳಕೆಯಿಲ್ಲದ ಕಡೆ ತೆಳ್ಳಗಾಗುತ್ತದೆ. ಅವಧಿ ಮುಗಿದ ಮೇಲೆ ಕಲ್ಲಾಗುತ್ತದೆ. ಹಾರೆ ಹಿಡಿದವನ ಅಂಗೈ ದಡ್ಡುಗಟ್ಟುವುದಿಲ್ಲವೇ, ಹಾಗೆ. ಇದರಿಂದ ಉಕ್ಕಿನ ಬಲವನ್ನು ಉಕ್ಕಿನ ಕಾಲುಭಾಗದ ತೂಕದಲ್ಲಿ ಪಡೆಯಬಹುದಿತ್ತು. ಪ್ರಯೋಗಶಾಲೆಯ ಹುಡುಗರು ಅದಕ್ಕೆ 'ರೂಢಿ' ಎಂದು ಹೆಸರಿಟ್ಟರು. ತೊಲೆಗೆ ಭಾರ ರೂಢಿ ಬೀಳುತ್ತದೆ, ಅದಕ್ಕೆ ರೂಢಿ. ಕಡೆಗೆ ಸಮಿತಿಯೂ ಅದನ್ನೇ ಆರಿಸಿತು. ಊರವರು ಒಂದೇ ಒಂದು ಷರತ್ತು ಹಾಕಿದರು: ಮೇಲೆ ಚಪ್ಪಟೆ ಮಾಳಿಗೆ ಬೇಕು. ಮೆಣಸಿನಕಾಯಿ ಒಣಹಾಕಲು, ಬೇಸಿಗೆಯಲ್ಲಿ ಮಲಗಲು ಮಾಳಿಗೆಯಿಲ್ಲದಿದ್ದರೆ ಅದೆಂಥ ಮನೆ?

ಆ ವರ್ಷ ಮಳೆ ಮುಂಚೆಯೇ ಬಂತು. ಹೊಳೆ ಏರತೊಡಗಿದ್ದರಿಂದ ಕೀಲಿಕೈಗಳನ್ನೂ ಮುಂಚೆಯೇ ಹಂಚಿದರು. ನೀಲಗಂಗಾ ತಾನೇ ಮೈಕು ಹಿಡಿದು ಹೇಳಿದಳು, "ಇವತ್ತಿಂದ ಮನಿ ಸುಮ್ನ ಬಿಡಬ್ಯಾಡ್ರಿ. ದಿನಾ ಬಳಸ್ರಿ. ಮಾಳಗಿ ಹತ್ರಿ, ಇಳೀರಿ. ಬಳಸಿದಷ್ಟು ಗಟ್ಟಿ ಆಕ್ಕೈತಿ." ಜನ ತಲೆಯಾಡಿಸಿದರು. ಬಾಗಿಲಿಗೊಂದು ಪುಟ್ಟ ಯಂತ್ರ ಇತ್ತು. ದಿನಕ್ಕೊಮ್ಮೆ ಬಾಗಿಲು ತೆರೆದು ದೀಪ ಹೊತ್ತಿದರೆ ಉಸ್ತುವಾರಿ ಕೋಣೆಯಲ್ಲಿ ಆ ಮನೆಯ ಹೆಸರಿನ ಮುಂದೆ ಹಸಿರು ಬೀಳುತ್ತಿತ್ತು. ಧಾರವಾಡದಲ್ಲಿ ಕೂತ ನೀಲಗಂಗಾ ತನ್ನ ಪರದೆಯಲ್ಲೂ ಪ್ರತಿದಿನ ಆ ಹಸಿರನ್ನು ನೋಡಿ ಊಟಕ್ಕೆ ಹೋಗುತ್ತಿದ್ದಳು.

ಅವಳ ಅಕ್ಕ ಕಾಶವ್ವನ ಮನೆಯೂ ಅದೇ ದಿನ್ನೆಯಲ್ಲಿತ್ತು. ಫೋನಿನಲ್ಲಿ ಕೇಳಿದಾಗಲೆಲ್ಲ ಕಾಶವ್ವ, "ಭಾಳ ಚಂದ ಐತವ್ವ. ದಿನಾ ಹೋಗತೀನಿ" ಎನ್ನುತ್ತಿದ್ದಳು. ಹೋಗುತ್ತೇನೆ ಎಂದಳೇ ಹೊರತು ಇರುತ್ತೇನೆ ಎನ್ನಲಿಲ್ಲ. ಆ ಎರಡು ಮಾತಿನ ನಡುವಿನ ಸಂದು ನೀಲಗಂಗಾಳಿಗೆ ಕೇಳಿಸಲೇ ಇಲ್ಲ.

ಶ್ರಾವಣದ ಮೊದಲ ಸೋಮವಾರ ಹೊತ್ತೇರಿದ ಮೇಲೆ ಅವಳು ದಿನ್ನೆಗೆ ಬಂದಳು. ಅಂದು ಊರಿನ ಸುಮಾರು ಮನೆಗಳಲ್ಲಿ ವಾಸ್ತುಶಾಂತಿ. ಇಷ್ಟು ದಿನ ವಾಸವಾಗಿದ್ದ ಮನೆಗೆ ಈಗೆಂಥ ವಾಸ್ತು ಎಂದು ಅವಳಿಗೆ ಒಂದು ಕ್ಷಣ ಅನ್ನಿಸಿತು. ಶಾಸ್ತ್ರಕ್ಕೆ ತಡ ಎಂಬುದಿಲ್ಲ ಎಂದುಕೊಂಡು ಸುಮ್ಮನಾದಳು. ನೀರಿನ ಟಾಕಿಯ ಪಕ್ಕದ ಉಸ್ತುವಾರಿ ಕೋಣೆಯಲ್ಲಿ ಪ್ರಯೋಗಶಾಲೆಯ ಹುಡುಗ ಜೈನುದ್ದೀನ ಮುಲ್ಲಾ ಪರದೆಯ ಮುಂದೆ ಬೆವರುತ್ತ ಕೂತಿದ್ದ. ತೊಲೆಯೊಳಗಿನ ರಾಳ ಎಲ್ಲಿದೆ, ತೊಲೆಯ ಮೇಲೆ ಭಾರ ಎಷ್ಟಿದೆ ಎಂದು ತೋರಿಸುವ ಹೊಸ ಯಂತ್ರ ಹಿಂದಿನ ದಿನವಷ್ಟೇ ಅವನ ಜೊತೆ ಧಾರವಾಡದಿಂದ ಬಂದಿತ್ತು.

"ಮೇಡಂ, ಇದನ್ನ ನೋಡ್ರಿ. ಯಂತ್ರ ಕೆಟ್ಟೈತೇನೊ ಅನಕೊಂಡಿದ್ದೆ. ಎಲ್ಲಾ ಮನ್ಯಾಗೂ ಹಿಂಗ ಐತಿ."

ಪರದೆಯ ಮೇಲಿನ ಮನೆಗಳೆಲ್ಲ ಒಂದೇ ಥರ ಇದ್ದವು. ಬಾಗಿಲ ಚೌಕಟ್ಟು ದಟ್ಟ ಕಪ್ಪು; ರಾಳವೆಲ್ಲ ಅಲ್ಲಿಗೇ ಬಂದು ಕೂತಿತ್ತು. ದೇವರ ಮೂಲೆಗೆ ಹೋಗುವ ದಾರಿಯಲ್ಲಿ ಒಂದಿಷ್ಟು. ಮಾಳಿಗೆಯ ತೊಲೆಗಳು ಮಾತ್ರ ಬಿಳಿಚಿಕೊಂಡಿದ್ದವು.

"ಮಾಳಗಿ ಯಾರೂ ಹತ್ತೇ ಇಲ್ಲ," ಎಂದಳು ನೀಲಗಂಗಾ. "ಮನಿಯಾಗ ಯಾರೂ ಇರಲೇ ಇಲ್ಲೇನ?"

ಮುಲ್ಲಾನಿಗೂ ಗೊತ್ತಿರಲಿಲ್ಲ. ಬಾಗಿಲಲ್ಲಿ ಕೂತಿದ್ದ ಕಾವಲುಗಾರ ಮಾಮೂಲು ವಿಷಯ ಹೇಳುವವನಂತೆ ಹೇಳಿದ. "ಆಷಾಢದಾಗ ಯಾರರ ಹೊಸ ಮನಿ ಹೊಗತಾರೇನ್ರಿ? ನೀವು ದಿನಾ ಬಳಸ್ರಿ ಅಂದ್ರಿ. ಎಲ್ಲಾರೂ ದಿನಾ ಬಂದು ಕಸ ಹೊಡದು, ಹೊಸ್ತಿಲಕ್ಕ ರಂಗೋಲಿ ಹಾಕಿ, ದೀಪಾ ಹಚ್ಚಿ, ಹೊಳಿ ಬಂದವರಿಗೆ ಹಾಕಿದ ತಗಡಿನ ಶೆಡ್ಡಿಗೆ ಹೋಗಿ ಮಲಗ್ಯಾರ."

ನೀಲಗಂಗಾ ಹಣೆ ಬಡಿದುಕೊಂಡಳು. ಆಷಾಢ! ಈ ಮಣ್ಣಿನಲ್ಲೇ ಹುಟ್ಟಿದವಳು, ಮದುವೆಯಾದ ಹೊಸತರಲ್ಲಿ ಆಷಾಢಕ್ಕೆಂದು ತವರಿಗೆ ಬಂದು ಕೂತವಳು, ಆ ಒಂದು ಮಾತು ತಲೆಗೆ ಬರಲಿಲ್ಲವಲ್ಲ! ತೊಲೆಗೆ ರೂಢಿ ಮಾಡಿಸಲು ಹೊರಟವಳು ಜನರ ರೂಢಿಯನ್ನು ಮರೆತಿದ್ದಳು. ಜನರೇನೂ ತಪ್ಪು ಮಾಡಿರಲಿಲ್ಲ. ಹೇಳಿದಂತೆ ದಿನವೂ ಬಂದಿದ್ದರು. ತೊಲೆಗಳೂ ತಪ್ಪು ಮಾಡಿರಲಿಲ್ಲ. ಖಾಲಿ ಮನೆಯನ್ನು ಹೊರುವುದನ್ನು ಚೆನ್ನಾಗಿಯೇ ಕಲಿತಿದ್ದವು.

"ರಾಳ ಇನ್ನೂ ಪೂರ್ತಿ ಕಲ್ಲಾಗಿಲ್ರಿ," ಎಂದ ಮುಲ್ಲಾ. "ಇನ್ನೂ ಎರಡು ದಿನ ಐತಿ. ಇವತ್ತ ಮಾಳಗಿ ಮ್ಯಾಲ ಮಂದಿ ಹತ್ತದಿದ್ರ ಸಾಕು. ಎಲ್ಲಾ ಕಡೆ ಅಂಗಳದಾಗ ಚಪ್ಪರ ಹಾಕ್ಯಾರ, ಊಟ ಅಲ್ಲೇ." ಅವನು ತಡೆದ. ಪರದೆಯಲ್ಲಿ ಒಂದು ಮನೆಯ ನಡುತೊಲೆ ಹಳದಿಯಾಗಿ ಮಿನುಗತೊಡಗಿತ್ತು. "ಇದೊಂದ ಬಿಟ್ಟು."

ಅದು ಕಾಶವ್ವನ ಮನೆ.

ಅಕ್ಕನ ಫೋನು ರಿಂಗಾಯಿತು, ರಿಂಗಾಯಿತು, ನಿಂತಿತು. ವಾಸ್ತುವಿನ ಗದ್ದಲದಲ್ಲಿ ಯಾರು ಫೋನು ನೋಡುತ್ತಾರೆ? ಆ ಹೊತ್ತಿಗೆ ಧಾರವಾಡದಿಂದ ಪ್ರಯೋಗಶಾಲೆಯ ನಿರ್ದೇಶಕ ಮೂಲಿಮನಿಯವರು ಮುಲ್ಲಾನ ಫೋನಿಗೆ ಬಂದರು. ವಿಷಯ ಕೇಳಿ, "ಊರ ಮೈಕಿನಾಗ ಕೂಗಿಸಿಬಿಡ್ರಿ, ಆ ಮನಿ ಖಾಲಿ ಮಾಡ್ರಿ ಅಂತ. ಈಗಿಂದೀಗ!" ಎಂದರು.

"ಬ್ಯಾಡ್ರಿ ಸರ್," ಎಂದಳು ನೀಲಗಂಗಾ. "ತೊಲಿ ಹಳದಿ ಆಗೈತಂದ್ರ ಅವರು ಮ್ಯಾಲೇ ಪಂಗ್ತಿಗೆ ಕುಂತಾರ. ಕೂಗಿದ್ರ ಎಲ್ಲಾರೂ ಒಮ್ಮೆಗೇ ಏಳತಾರ. ಕುಂತ ಭಾರ ಬ್ಯಾರೆ, ಎದ್ದ ಏಟು ಬ್ಯಾರೆ. ತೊಲಿ ಅಲ್ಲೇ ಮುರೀತೈತಿ."

"ಊಟ ಮುಗದ ಮ್ಯಾಲೂ ಎಲ್ಲಾರೂ ಒಮ್ಮೆಗೇ ಏಳತಾರಲ್ರಿ," ಎಂದ ಮುಲ್ಲಾ ಮೆಲ್ಲಗೆ.

ಹೌದು. ಪಂಕ್ತಿಯಲ್ಲಿ ಒಬ್ಬರು ಮೊದಲು ಏಳುವಂತಿಲ್ಲ, ಒಬ್ಬರು ಹಿಂದೆ ಉಳಿಯುವಂತಿಲ್ಲ. ತಲೆಗೆ ಕೂತ ಹಿರಿಯ ಎದ್ದರೆ ಸಾಲಿಗೆ ಸಾಲೇ ಏಳುತ್ತದೆ. ನೀಲಗಂಗಾ ಚಪ್ಪಲಿ ಮೆಟ್ಟದೆ ಓಡಿದಳು. ಕಿವಿಗೆ ಸಿಕ್ಕಿಸಿಕೊಂಡಿದ್ದ ಯಂತ್ರದಲ್ಲಿ ಮುಲ್ಲಾನ ದನಿ ಅವಳ ಜೊತೆಗೇ ಓಡಿತು. "ಎಳೀ ಕೆಂಪಿಗೆ ಬಂತ್ರಿ. ಬಡಸವರು ಅಡ್ಡಾಡಾಕತ್ತಾರ ಕಾಣತೈತಿ."

ಕಾಶವ್ವನ ಅಂಗಳದಲ್ಲಿ ಚಪ್ಪರವೇ ಇರಲಿಲ್ಲ. ಒಳಗೆ ಒಲೆಯ ಮುಂದೆ ಕಾಶವ್ವ ಹೋಳಿಗೆ ಬೇಯಿಸುತ್ತಿದ್ದಳು, ಸುತ್ತ ಮೂರ್ನಾಲ್ಕು ಹೆಂಗಸರು. ನಡುತೊಲೆ ಸರಿಯಾಗಿ ಅವರ ನೆತ್ತಿಯ ಮೇಲೆ ಹಾದುಹೋಗಿತ್ತು. ಮೇಲಿನಿಂದ ನಗು ಕೇಳಿಸುತ್ತಿತ್ತು.

"ಬಂದ್ಯಾ!" ಎಂದಳು ಕಾಶವ್ವ, ಮುಖವೆಲ್ಲ ಅರಳಿಸಿ. "ಎಲ್ಲಾರೂ ಚಪ್ಪರ ಹಾಕ್ಯಾರ. ನಾ ಹಾಕಲಿಲ್ಲ. ನನ್ನ ತಂಗಿ ಮಾಡಿದ ಮನಿ, ಪುಂಡಿ ನಾರಿನ ಮನಿ ಅಂತ ಯಾರ್ ನಕ್ಕಿದ್ರೊ ಅವರನ್ನ ಕರದು ಮಾಳಗಿ ಮ್ಯಾಲೇ ಕುಂದರಿಸೀನಿ. ನೋಡ್ಲಿ!"

ನೀಲಗಂಗಾ ಅವಳ ರಟ್ಟೆ ಹಿಡಿದಳು. "ಅಕ್ಕ, ಎಲ್ಲಾರೂ ಹೊರಗ ಬರ್ರಿ. ತೊಲಿ ತಡಿಯೂದಿಲ್ಲ."

ಹೆಂಗಸರು ಹಿಟ್ಟಿನ ಕೈ ಹಾಗೇ ಬಿಟ್ಟು ಹೊರಗೆ ಸರಿದರು. ಕಾಶವ್ವ ಮಾತ್ರ ಅಲುಗಲಿಲ್ಲ.

"ನೀ ಮಾಡಿದ ತೊಲಿ ತಡಿಯೂದಿಲ್ಲಂದ್ರ? ಏನರ ಹುಚ್ಚುಗಿಚ್ಚು ಹಿಡದೈತೇನ? ಮ್ಯಾಲ ಮಂದಿ ಉಣ್ಣಾಕತ್ತಾರ. ಬಡಿಸಾಕಿ ಒಲಿ ಬಿಟ್ಟು ಓಡಿದ್ಲು ಅನಿಸಿಕೊಳ್ಳಲೇನ?"

"ಅಕ್ಕ, ಕೈ ಮುಗೀತೀನಿ."

"ನಿನ್ನ ಮ್ಯಾಲ ನಿನಗಿಂತ ಜಾಸ್ತಿ ನಂಬಿಗಿ ನನಗೈತಿ. ಹೋಗು." ಕಾಶವ್ವ ಹಂಚಿನ ಮೇಲೆ ಇನ್ನೊಂದು ಹೋಳಿಗೆ ಹಾಕಿದಳು.

ಜಗ್ಗಾಡಲು ಸಮಯವಿರಲಿಲ್ಲ. ನೀಲಗಂಗಾ ಹೊರಗಿನ ಪಾವಟಿಗೆ ಏರಿದಳು. ಮಾಳಿಗೆಯ ಮೇಲೆ ಎರಡು ಸಾಲು ಎದುರುಬದುರಾಗಿ ಕೂತಿದ್ದವು. ಸಾಲಿನ ತಲೆಗೆ, ಗೋಡೆಯ ಪಕ್ಕದಲ್ಲಿ, ಊರ ಹಿರಿಯ ಬಸಲಿಂಗಜ್ಜ. ನಟ್ಟನಡುವೆ ಕುಸ್ತಿಯ ದುಂಡಪ್ಪ, ಹೆಸರಿಗೆ ತಕ್ಕ ಆಳು. ಅವನ ಎಲೆಯಲ್ಲಿದ್ದ ಸಾರು ಎಲೆ ದಾಟಿ ನೆಲದ ಮೇಲೆ ಸಣ್ಣಗೆ ಹರಿಯುತ್ತಿತ್ತು. ಎದುರು ಸಾಲಿನ ಸಾರೂ ಇತ್ತಲೇ ಹರಿದು ಬರುತ್ತಿತ್ತು. ಮಾಳಿಗೆ ನಡುವೆ ತಗ್ಗಾಗಿತ್ತು. ಯಾರೂ ಅದನ್ನು ನೋಡಿರಲಿಲ್ಲ. ಎಲೆಯಲ್ಲಿ ಹೋಳಿಗೆಯಿರುವಾಗ ಸಾರು ಎತ್ತ ಹೋಯಿತೆಂದು ಯಾರು ನೋಡುತ್ತಾರೆ?

ಅವಳು ಬಡಿಸುತ್ತಿದ್ದ ಭಾವ ಯಂಕಪ್ಪನ ಕೈಯಿಂದ ಹೋಳಿಗೆಯ ಬುಟ್ಟಿ ತೆಗೆದುಕೊಂಡಳು. "ಮಾಮಾ, ನೀವೂ ಉಳಿದ ಬಡಸವರೂ ಗ್ವಾಡಿ ಕಡೆಯಿಂದ ಸಾವಕಾಶ ಇಳೀರಿ. ಮಾತಾಡಬ್ಯಾಡ್ರಿ. ನಾ ಬಡಿಸ್ತೀನಿ." ಅವಳ ಮುಖ ನೋಡಿದ ಯಂಕಪ್ಪ ಉಳಿದವರಿಗೆ ಕಣ್ಸನ್ನೆ ಮಾಡಿ ಗೋಡೆಯ ಕಡೆ ಸರಿದ.

ಗೋಡೆಯ ಅಂಚಿನ ಮೇಲೆಯೇ ಹೆಜ್ಜೆಯಿಡುತ್ತ ಅವಳು ಬಸಲಿಂಗಜ್ಜನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕೂತಳು. ಹೋಳಿಗೆ ಬಡಿಸುವ ನೆವದಲ್ಲಿ ಕಿವಿಗೆ ಬಾಗಿ ನಿಜವನ್ನೇ ಹೇಳಿದಳು. ಸುಳ್ಳು ಹುಡುಕುವಷ್ಟು ವ್ಯವಧಾನ ಅವಳಿಗಿರಲಿಲ್ಲ.

ಅಜ್ಜನ ತುತ್ತು ಬಾಯಿಯ ಹತ್ತಿರ ನಿಂತಿತು. ಆಮೇಲೆ ಬಾಯಿಗೇ ಹೋಯಿತು. ನಿಧಾನವಾಗಿ ಅಗಿದು ನುಂಗಿ, "ನಾ ಏಳೂತನ ಪಂಗ್ತಿ ಏಳೂದಿಲ್ಲ," ಎಂದ. "ನಾ ಉಣಕೋತ ಕೂಡತೀನಿ. ನೀ ಒಬ್ಬೊಬ್ಬರನ್ನ ಎಬ್ಬಿಸು. ಕೇಳಿದ್ರ ಅಜ್ಜ ಹೇಳ್ಯಾನ ಅನ್ನು." ಆಮೇಲೆ ಸಾಲಿನ ಕಡೆ ತಿರುಗಿ ದನಿ ಎತ್ತಿದ. "ಯಾರೂ ಅವಸರ ಮಾಡಬ್ಯಾಡ್ರೆಪಾ. ನಂದಿನ್ನಾ ಭಾಳ ಉಣ್ಣೂದೈತಿ."

ಜನ ನಕ್ಕರು. ನಗುವಿಗೂ ತೊಲೆ ಅದುರಿತು. "ಕೆಂಪಾತ್ರಿ," ಎಂದ ಮುಲ್ಲಾ ಕಿವಿಯಲ್ಲಿ.

ನಡುವಿನಿಂದ ಶುರುಮಾಡಬೇಕಿತ್ತು. ನೀಲಗಂಗಾ ಕೈ ನೀಡಿ ದುಂಡಪ್ಪನ ಎಲೆಗೆ ಹೋಳಿಗೆ ಹಾಕಿದಳು. "ಅಣ್ಣಾ, ಅಜ್ಜ ಹೇಳ್ಯಾನ, ನೀ ಒಬ್ಬನ ಕೆಳಗ ಇಳೀಬೇಕು. ಭಾಳ ಸಾವಕಾಶ ಏಳು. ಅಂಬೆಗಾಲು ಇಟ್ಟರೂ ಅಡ್ಡಿಯಿಲ್ಲ."

"ಉಣ್ಣೂದು ಬಿಟ್ಟ? ಪಂಗ್ತಿ ನಡುವ? ನಾ ಏನ ತಪ್ಪ ಮಾಡೀನವ್ವಾ?" ದುಂಡಪ್ಪನ ಕಣ್ಣು ಕೆಂಪಾದವು. ಅಷ್ಟು ಜನರೆದುರು ಎಲೆಯಿಂದ ಎಬ್ಬಿಸುವುದೆಂದರೆ ಕಪಾಳಕ್ಕೆ ಹೊಡೆದ ಹಾಗೆ. ಅವಳು ಅವನ ಎಲೆಯ ಪಕ್ಕದಲ್ಲಿ ಹರಿಯುತ್ತಿದ್ದ ಸಾರನ್ನು ಬೆರಳಿಂದ ತೋರಿಸಿದಳು. ಅವನು ನೋಡಿದ. ಎದುರು ಸಾಲಿನಿಂದ ಬಂದ ಸಾರನ್ನೂ ನೋಡಿದ. ಕುಸ್ತಿ ಹಿಡಿದವನಿಗೆ ಭಾರ ಎತ್ತ ವಾಲುತ್ತದೆಂದು ಬಿಡಿಸಿ ಹೇಳಬೇಕಾಗಲಿಲ್ಲ. ಎರಡೂ ಅಂಗೈ ನೆಲಕ್ಕೂರಿ, ಮಲಗಿದ ಮಗುವಿನ ಪಕ್ಕದಿಂದ ತಾಯಿ ಏಳುವಂತೆ ಎದ್ದ. ತೊಲೆ ಒಮ್ಮೆ ನರಳಿತು. ಸಾಲಿನಲ್ಲಿ ನಾಲ್ಕಾರು ತಲೆಗಳು ಮೇಲೆದ್ದವು.

"ಏನದು ಸಪ್ಪಳ?"

"ನನ್ನ ಹಲ್ಲಿನ ಸಪ್ಪಳೋ ತಮ್ಮಾ," ಎಂದ ಬಸಲಿಂಗಜ್ಜ. "ಬೆಲ್ಲಾ ಗಟ್ಟಿ ಐತಿ. ಉಣ್ಣು ನೀ."

ಹಾಗೆ ಒಬ್ಬೊಬ್ಬರು. ಒಬ್ಬ ಮುನಿಸಿಕೊಂಡ, ಒಬ್ಬ ಹೋಳಿಗೆಯನ್ನು ಕೈಯಲ್ಲೇ ಹಿಡಿದು ಇಳಿದ, ಒಬ್ಬ ಏನೆಂದು ಕೇಳದೆ ಸುಮ್ಮನೆ ಎದ್ದ. ಪ್ರತಿಯೊಬ್ಬನ ಜಾಗ ಖಾಲಿಯಾದಾಗಲೂ ಪಕ್ಕದವನು ಏಳಲು ನೋಡುತ್ತಿದ್ದ, ಆಗೆಲ್ಲ ಅಜ್ಜ ಇನ್ನೊಂದು ತುತ್ತು ಎತ್ತುತ್ತಿದ್ದ. ಅವನ ಹೊಟ್ಟೆ ಯಾವಾಗಲೋ ತುಂಬಿತ್ತು, ಕಣ್ಣಲ್ಲಿ ನೀರಾಡುತ್ತಿತ್ತು. ಆದರೂ ಉಣ್ಣುತ್ತಿದ್ದ. ನೀಲಗಂಗಾ ಬಡಿಸುತ್ತಿದ್ದಳು. ಅವಳ ಕಣ್ಣು ಎಲೆಗಳ ಮೇಲಿತ್ತು, ಮನಸ್ಸು ಮಾತ್ರ ಕೆಳಗೆ ಒಲೆಯ ಮುಂದೆ ಕೂತವಳ ನೆತ್ತಿಯ ಮೇಲೆಯೇ ಇತ್ತು.

ಕೊನೆಗೆ ಅಜ್ಜ ಕೈ ಚಾಚಿದ. ಅವಳು ಅವನನ್ನು ಗೋಡೆಯ ಅಂಚಿನ ಮೇಲೆಯೇ ನಡೆಸಿ ಕೆಳಗಿಳಿಸಿದಳು. "ಹಳದಿಗೆ ಬಂತ್ರಿ," ಎಂದ ಮುಲ್ಲಾ, ಅಳುವವನಂತೆ.

ತೊಲೆ ಮುರಿಯಲಿಲ್ಲ. ಮಾಳಿಗೆ ಬೀಳಲಿಲ್ಲ. ಅದೇ ತೊಂದರೆಯಾಯಿತು.

ಕಾಶವ್ವ ಹೊರಗೆ ಬಂದಾಗ ಅಂಗಳದ ತುಂಬ ಅರ್ಧ ಉಂಡ ಜನ ನಿಂತಿದ್ದರು. ಅವಳು ಮನೆಯನ್ನು ನೋಡಿದಳು. ಮನೆ ನೆಟ್ಟಗೆ ನಿಂತಿತ್ತು. ತಂಗಿಯನ್ನು ನೋಡಿದಳು. "ಬಿತ್ತೇನ?" ಎಂದಳು. ಬೇವಿನ ಮರದ ಕೆಳಗೆ ಹೋಗಿ ಎಲ್ಲರಿಗೂ ಬೆನ್ನು ಮಾಡಿ ಕೂತಳು. ವಾಸ್ತುವಿನ ದಿನ ಪಂಕ್ತಿ ಎದ್ದ ಮನೆ. ಇದಕ್ಕಿಂತ ದೊಡ್ಡ ಅಪಶಕುನ ಆ ಸೀಮೆಯಲ್ಲಿ ಇಲ್ಲ. ಜನ ಒಬ್ಬೊಬ್ಬರೇ ಕರಗಿದರು. ಹೋಗುವಾಗ ಕೆಲವರು ಕೆಳಗೆ ಹೊಳೆಯ ಕಡೆ, ಹಳೆಯ ಮುತ್ತಲಗಡ್ಡಿಯ ಕಡೆ ನೋಡಿ ಏನೋ ಗುಸುಗುಟ್ಟಿದರು. ಅಲ್ಲಿ ನೀರು ಆಗಲೇ ಊರಬಾಗಿಲ ಅಗಸಿಯ ಮೆಟ್ಟಿಲು ಮುಟ್ಟಿತ್ತು. ಆದರೂ ಅದು ಅವರ ಅಪ್ಪ ಅಜ್ಜಂದಿರ ಊರು, ಅಲ್ಲಿ ಯಾವ ಪಂಕ್ತಿಯೂ ಎದ್ದಿರಲಿಲ್ಲ.

ಮೂಲಿಮನಿಯವರು ಫೋನಿನಲ್ಲಿ, "ಎಲ್ಲಾ ಮನಿ ಬಿಚ್ಚಿ ವಾಪಸ್ ತರೋಣ. ಮುಂದಿನ ವರ್ಷಕ್ಕ ಉಕ್ಕು ಹಾಕೋಣ," ಎಂದರು.

"ಮುಂದಿನ ವರ್ಷದತನ ಈ ಮಂದಿ ಎಲ್ಲಿರಬೇಕ್ರಿ? ಹೊಳಿ ದಂಡಿಗೇನ?" ಎಂದಳು ನೀಲಗಂಗಾ. "ಎರಡು ದಿನ ಐತಿ. ರಾಳ ಇನ್ನೂ ಹರೀತೈತಿ. ಇವತ್ತ ಮೊದಲ ಇದೊಂದು ಮನೀಗೆ ರೂಢಿ ಹತ್ತೂದನ್ನ ತೋರಸ್ತೀನಿ. ಅದನ್ನ ನೋಡಿ ಉಳಿದವರೂ ತಮ್ಮ ತಮ್ಮ ಮಾಳಗಿ ಹತ್ತತಾರ."

ಮರಳಿನ ಚೀಲ ಇಟ್ಟರೆ ಸಾಲುತ್ತಿರಲಿಲ್ಲ. ಚೀಲ ಸುಮ್ಮನೆ ಕೂರುತ್ತದೆ. ರಾಳಕ್ಕೆ ಹೆಜ್ಜೆಯ ಅದುರು ಬೇಕು. ಕೆಳಗಿನಿಂದ ಕಂಬ ಕೊಟ್ಟರೆ ತೊಲೆಗೆ ಭಾರವೇ ತಿಳಿಯುವುದಿಲ್ಲ. ಯಾರಾದರೂ ನಡೆಯಬೇಕು, ಮೊದಲು ಅಂಚಿನಲ್ಲಿ, ಆಮೇಲೆ ಒಂದಿಷ್ಟು ಒಳಗೆ, ಆಮೇಲೆ ನಡುವೆ. ಮುಲ್ಲಾ ತಾನು ಬರುತ್ತೇನೆ ಎಂದ. ಅವಳು ಬೇಡವೆಂದಳು. ತಾನು ಆರಿಸಿದ ತೊಲೆ. ಅದರ ಮೇಲೆ ಬೇರೆಯವರ ಮಕ್ಕಳನ್ನು ನಿಲ್ಲಿಸುವ ಮನಸ್ಸು ಅವಳಿಗಿರಲಿಲ್ಲ. ಮನೆಯೊಳಗೆ ಯಾರೂ ಇಲ್ಲವೆಂದು ನೋಡಿಕೊಂಡು, ಮಧ್ಯಾಹ್ನದ ಇಳಿಬಿಸಿಲಲ್ಲಿ ಒಬ್ಬಳೇ ಮಾಳಿಗೆಗೆ ಹತ್ತಿದಳು. ಎತ್ತದೆ ಬಿಟ್ಟ ಎಲೆಗಳು ಇನ್ನೂ ಅಲ್ಲಿಯೇ ಇದ್ದವು.

ಅವಳು ನಡೆದಳು. ಆ ಗೋಡೆಯಿಂದ ಈ ಗೋಡೆಗೆ, ಈ ಗೋಡೆಯಿಂದ ಆ ಗೋಡೆಗೆ. ಕಾಲ ಕೆಳಗೆ ತೊಲೆ ಬಗ್ಗುವುದು ಅಂಗಾಲಿಗೆ ತಿಳಿಯುತ್ತಿತ್ತು. ಹೆದರಿಕೆಯಾಗುತ್ತಿತ್ತು, ಬಹಳ ಹೆದರಿಕೆಯಾಗುತ್ತಿತ್ತು. ಕಿವಿಯ ಯಂತ್ರದ ಬ್ಯಾಟರಿ ಮುಗಿದಿದ್ದರಿಂದ ಫೋನನ್ನೇ ಜೋರಾಗಿ ಇಟ್ಟುಕೊಂಡಿದ್ದಳು.

"ಹರಿಯಾಕತ್ತೈತ್ರಿ," ಎಂದ ಮುಲ್ಲಾ, ಬಹಳ ಹೊತ್ತಿನ ಮೇಲೆ. "ಬಾಗಿಲ ಕಡೆಯಿಂದ ತೊಲಿ ಕಡೆ ಹೊಂಟೈತಿ. ಆದ್ರ ಭಾಳ ಸಣ್ಣಗ. ಒಬ್ಬರ ಹೆಜ್ಜಿ ಸಾಲೂದಿಲ್ಲ ಮೇಡಂ. ಇನ್ನೊಬ್ಬರು ಬೇಕು. ಇಲ್ಲಾಂದ್ರ ಎರಡು ದಿನದಾಗ ಆಗೂದಿಲ್ಲ."

"ಇನ್ನೊಬ್ಬರು ಯಾರೂ ಬ್ಯಾಡ," ಎಂದಳು ನೀಲಗಂಗಾ. "ಜೋರಾಗಿ ನಡೀತೀನಿ."

ಪಾವಟಿಗೆಯ ಮೇಲೆ ಬಳೆಯ ಸದ್ದಾಯಿತು. ಕಾಶವ್ವ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಾಳಿಗೆಯ ಅಂಚಿಗೆ ಬಂದು ನಿಂತಳು. ಅತ್ತು ಮುಖ ಬಾತಿತ್ತು. ಹರಿದು ಒಣಗಿದ ಸಾರಿನ ಗೆರೆಗಳನ್ನು ಒಂದೊಂದಾಗಿ ನೋಡಿದಳು. ಎರಡೂ ಸಾಲಿನಿಂದ ಬಂದು ಅವು ನಡುವೆ ಕೂಡಿದ ಜಾಗವನ್ನೂ ನೋಡಿದಳು. ಅದರ ಕೆಳಗೆ ತನ್ನ ಒಲೆಯಿದ್ದದ್ದು ಅವಳಿಗೆ ಆಗ ಹೊಳೆದಿರಬೇಕು.

"ಇಳಿ ಅಕ್ಕ," ಎಂದಳು ನೀಲಗಂಗಾ. "ನಿನ್ನ ಕಾಲಿಗೆ ಬೀಳತೀನಿ. ಆರಿಸಿದಾಕಿ ನಾನು. ಬಿದ್ದರ ನನ್ನ ಕೂಡ ಬೀಳಲಿ."

"ಆರಿಸಿದಾಕಿ ನೀನು," ಎಂದಳು ಕಾಶವ್ವ. "ಇದರಾಗ ಬಾಳೇವು ಮಾಡಾಕಿ ನಾನು."

ಅವಳು ಬಾಗಿ ಕಾಲಿಗೆ ಅಡ್ಡವಾಗುವ ಎಲೆಗಳನ್ನು ಒಂದರ ಮೇಲೊಂದು ಮಡಚಿ ಗೋಡೆಯ ಪಕ್ಕಕ್ಕಿಟ್ಟಳು. ಆಮೇಲೆ ತಂಗಿಯ ಕೈ ಹಿಡಿದುಕೊಂಡು, "ಎಲ್ಲಿಂದ ನಡೀಬೇಕು, ಹೇಳು," ಎಂದಳು.